ಹನ್ನೊಂದು ತಿಂಗಳ ಕರಾರು, ಆರು ಲಕ್ಷದ ಅಂಗಡಿ

ಚಿಕ್ಕಮಗಳೂರಿನಲ್ಲಿ ಬಾಡಿಗೆ ಕರಾರು, ಕ್ರಯಪತ್ರ ಬರೆದುಕೊಡುವುದು ನನ್ನ ಕೆಲಸ. ಐ.ಜಿ. ರಸ್ತೆಯದೋ ಬೇಲೂರು ರಸ್ತೆಯದೋ ಮಳಿಗೆ ಹಿಡಿದು ಬರುವವರು ಬಾಡಿಗೆ ಎಷ್ಟು, ಅಡ್ವಾನ್ಸ್ ಎಷ್ಟು ಅಂತ ಮೊದಲೇ ಚೌಕಾಸಿ ಮುಗಿಸಿರುತ್ತಾರೆ. ಎಷ್ಟು ವರ್ಷಕ್ಕೆ ಅಂತ ಕೇಳಿದರೆ ಮಾತ್ರ "ಮಾಮೂಲಿ ಹನ್ನೊಂದು ತಿಂಗಳು ಹಾಕಿ ಸಾರ್" ಅನ್ನುತ್ತಾರೆ. ನಾನು ಪೆನ್ನು ಕೆಳಗಿಡುವುದು ಅಲ್ಲಿಯೇ.

ಹನ್ನೊಂದು ತಿಂಗಳು ಯಾಕೆ ಅಂದರೆ, ಒಂದು ವರ್ಷಕ್ಕಿಂತ ಜಾಸ್ತಿ ಅವಧಿಯ ಬಾಡಿಗೆ ಕರಾರನ್ನು 1908ರ ನೋಂದಣಿ ಕಾಯ್ದೆಯ ಪ್ರಕಾರ ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ನೋಂದಾಯಿಸಲೇಬೇಕು. ಆ ಖರ್ಚು, ಓಡಾಟ ತಪ್ಪಲಿ ಅಂತ ಈ ದಾರಿ. ಮನೆಗಾದರೆ ನಡೆಯುತ್ತದೆ, ಸಾಮಾನು ಲಾರಿಗೆ ಹೇರಿಕೊಂಡು ಹೋಗಬಹುದು. ಅಂಗಡಿಯಲ್ಲಿ ನೆಲಕ್ಕೆ ಹಾಸಿದ ಟೈಲ್ಸ್, ಗೋಡೆಗೆ ಹೊಡೆದ ಪ್ಲೈವುಡ್ ಯಾವ ಲಾರಿಗೂ ಬರುವುದಿಲ್ಲ. ಅಲ್ಲಿಗೇ ಬಂದು ರೂಢಿಯಾದ ಗಿರಾಕಿಗಳೂ ಅಷ್ಟೇ.

ಬೇಕರಿ ಹಾಕಲು ಹೊರಟ ಹುಡುಗಿಯೊಬ್ಬಳು ಬಂದಿದ್ದಳು. ಒಳಗಿನ ಕೆಲಸಕ್ಕೇ ಆರು ಲಕ್ಷ ಹಾಕುವವಳಿದ್ದಳು. ಅವಳ ಮುಂದೆಯೇ ಲೆಕ್ಕ ಬರೆದೆ. ಆರು ಲಕ್ಷವನ್ನು ಹನ್ನೊಂದು ತಿಂಗಳಿಗೆ ಹಂಚಿದರೆ ತಿಂಗಳಿಗೆ 54,500 ರೂಪಾಯಿ ದಾಟುತ್ತದೆ. ಐದು ವರ್ಷಕ್ಕೆ ಹಂಚಿದರೆ ಹತ್ತು ಸಾವಿರ. ಬಾಡಿಗೆ, ಸಂಬಳ, ಕರೆಂಟು ಬಿಲ್ಲು ಎಲ್ಲ ಇದರ ಮೇಲೆ.

"ಓನರ್ ಅಂಕಲ್ ತುಂಬಾ ಒಳ್ಳೆಯವರು ಅಣ್ಣ, ಬಿಡಿಸಲ್ಲ" ಅಂದಳು.

"ಒಳ್ಳೆಯವರೇ ಅಮ್ಮಾ. ನಾಳೆ ಅವರ ಮಗ ಬೆಂಗಳೂರಿಂದ ಬಂದು ನಾನೇ ಅಂಗಡಿ ಹಾಕ್ತೀನಿ ಅಂದ್ರೆ?"

ಹನ್ನೊಂದು ತಿಂಗಳು ಮುಗಿದ ಮೇಲೂ ಓನರ್ ಬಾಡಿಗೆ ತೆಗೆದುಕೊಳ್ಳುತ್ತಿದ್ದರೆ ಹಳೇ ಕರಾರೇ ಮುಂದುವರಿಯಿತು ಅಂತ ತುಂಬಾ ಜನ ನಂಬಿದ್ದಾರೆ. ಹಾಗಲ್ಲ. ಬೇರೆ ಮಾತಾಗಿಲ್ಲದಿದ್ದರೆ 1882ರ ಸ್ವತ್ತು ವರ್ಗಾವಣೆ ಕಾಯ್ದೆಯ ಪ್ರಕಾರ ನೀವು ಆಗ ತಿಂಗಳ ಲೆಕ್ಕದ ಬಾಡಿಗೆದಾರರು. ಹದಿನೈದು ದಿನದ ನೋಟಿಸ್ ಸಾಕು. ಓನರ್ ತಾನೇ ಬೀಗ ಜಡಿಯುವಂತಿಲ್ಲ, ಕೋರ್ಟಿಗೆ ಹೋಗಬೇಕು, ನಿಜ. ಆದರೆ ಕೋರ್ಟು ಅಲೆಯುತ್ತಾ ಬೇಕರಿ ನಡೆಸಲು ಯಾರಿಗೆ ಆಗುತ್ತದೆ?

ಇದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಸ್ಟಾಂಪ್ ಪೇಪರ್ ಮೇಲೆ ಐದು ವರ್ಷ ಅಂತ ಬರೆಸಿ, ನೋಟರಿ ಸೀಲು ಹಾಕಿಸಿ, ಎಲ್ಲ ಭದ್ರವಾಯಿತು ಅಂದುಕೊಳ್ಳುವುದು. ನೋಟರಿ ಬೇರೆ, ನೋಂದಣಿ ಬೇರೆ. ನೋಂದಣಿ ಇಲ್ಲದ ಕಾಗದ ತೋರಿಸಿ ಕೋರ್ಟಿನಲ್ಲಿ ಐದು ವರ್ಷದ ಹಕ್ಕು ಕೇಳಲು ಬರುವುದಿಲ್ಲ. ಇಂಥ ಕಾಗದ ಹಿಡಿದು ಬಂದವರ ಮುಖ ನೋಡಲು ನನಗೆ ಕಷ್ಟವಾಗುತ್ತದೆ.

ಓನರ್‌ಗಳ ಭಯವೂ ಸುಳ್ಳಲ್ಲ. ಐದು ವರ್ಷ ಕೊಟ್ಟರೆ ಆಮೇಲೆ ಬಿಡುತ್ತಾರೋ ಇಲ್ಲವೋ ಅನ್ನುವ ಚಿಂತೆ ಅವರಿಗೆ. ಆ ಬೇಕರಿ ಹುಡುಗಿಯ ಓನರನ್ನು ಕೂರಿಸಿಕೊಂಡು ನಾನು ಹೇಳಿದ್ದು ಇಷ್ಟು: "ಯಜಮಾನ್ರೇ, ನೋಂದಣಿಯಾದ ಕರಾರಲ್ಲಿ ಮುಗಿಯುವ ತಾರೀಖೂ ಇರುತ್ತೆ. ವರ್ಷವರ್ಷ ಬಾಡಿಗೆ ಎಷ್ಟು ಏರಬೇಕು ಅಂತಲೂ ಇರುತ್ತೆ. ಬಾಯಿಮಾತಿಗಿಂತ ಇದು ನಿಮಗೇ ಒಳ್ಳೇದು." ಅವರು ಒಪ್ಪಿದರು. ಐದು ವರ್ಷದ ಆ ಕರಾರಿನಲ್ಲಿ ಬರೆದದ್ದು ಹೀಗೆ. ಬಾಡಿಗೆ ಬಾಕಿ ಉಳಿಸಿಕೊಂಡರೆ ಮಾತ್ರ ಓನರ್ ಮಧ್ಯದಲ್ಲಿ ಬಿಡಿಸಬಹುದು. ವ್ಯಾಪಾರ ಕೈಹಿಡಿಯದಿದ್ದರೆ ಅವಳು ಮೂರು ತಿಂಗಳ ನೋಟಿಸ್ ಕೊಟ್ಟು ಹೊರಡಬಹುದು. ಒಳಗಿನ ಕೆಲಸ ನಡೆಯುವಷ್ಟು ದಿನ ಬಾಡಿಗೆ ಇಲ್ಲ. ಸ್ಟಾಂಪ್ ಮತ್ತು ನೋಂದಣಿ ಖರ್ಚು ಇಬ್ಬರಿಗೂ ಅರ್ಧರ್ಧ.

ಕರಾರಿಗೆ ಸಹಿ ಹಾಕುವವರು ಯಾರು ಅನ್ನುವುದೂ ಮುಖ್ಯ. ನಮ್ಮ ಕಡೆ ಎಷ್ಟೋ ಕಟ್ಟಡ ಇನ್ನೂ ಅಣ್ಣತಮ್ಮಂದಿರಲ್ಲಿ ಪಾಲಾಗಿರುವುದಿಲ್ಲ. ಊರಲ್ಲಿರುವ ಅಣ್ಣ ಬಾಡಿಗೆಗೆ ಕೊಟ್ಟಿರುತ್ತಾನೆ, ಎರಡು ವರ್ಷ ಕಳೆದ ಮೇಲೆ ಇನ್ನೊಬ್ಬ ಬಂದು ನನ್ನನ್ನು ಕೇಳಿದಿರಾ ಅನ್ನುತ್ತಾನೆ. ಖಾತೆ ನೋಡಿ, ಹಕ್ಕಿರುವವರೆಲ್ಲರ ಸಹಿ ಹಾಕಿಸಿ. ಕಟ್ಟಡದ ಮೇಲೆ ಬ್ಯಾಂಕ್ ಸಾಲವಿದೆಯಾ ಅಂತ ತಿಳಿಯಲು ನೋಂದಣಿ ಇಲಾಖೆಯ ಕಾವೇರಿ ಪೋರ್ಟಲ್‌ನಲ್ಲೇ ಇಸಿ, ಅಂದರೆ ಋಣಭಾರ ಪ್ರಮಾಣಪತ್ರ, ತೆಗೆಸಬಹುದು.

ನಮ್ಮದು ಮಲೆನಾಡು. ಬೇಸಿಗೆಯಲ್ಲಿ ಸುಣ್ಣಬಣ್ಣ ಮಾಡಿದ ಮಳಿಗೆ ಚೆನ್ನಾಗಿಯೇ ಕಾಣುತ್ತದೆ. ಆಗುವುದಾದರೆ ಜೂನ್, ಜುಲೈ ಮಳೆಯಲ್ಲಿ ಒಮ್ಮೆ ಹೋಗಿ ಹಿಂದಿನ ಗೋಡೆ ಮುಟ್ಟಿ ನೋಡಿ. ಸೋರಿದರೆ ರಿಪೇರಿ ಯಾರದ್ದು ಅಂತ ಕರಾರಿನಲ್ಲಿ ಒಂದು ಸಾಲು ಇರಲಿ.

ಒಳಗೆ ಹೋಗುವ ದಿನವೇ ಫೋಟೋ ತೆಗೆದು, ನೀವು ಹಾಕಿಸಿದ ಎಸಿ, ರ್‍ಯಾಕ್, ಓವನ್ ಯಾವುದೆಲ್ಲ ನಿಮ್ಮದು ಅಂತ ಪಟ್ಟಿ ಮಾಡಿ ಇಬ್ಬರೂ ಸಹಿ ಹಾಕಿ. ಬಿಡುವಾಗ ಅವನ್ನೆಲ್ಲ ಬಿಚ್ಚಿಕೊಂಡು ಹೋಗುವ ಹಕ್ಕು ಕಾನೂನಿನಲ್ಲಿದೆ, ಆದರೆ ಮಳಿಗೆ ನಿಮ್ಮ ವಶದಲ್ಲಿ ಇರುವ ತನಕ ಮಾತ್ರ. ಅದಕ್ಕೇ ಮೊದಲು ಸಾಮಾನು ತೆಗೆಸಿ, ಅಡ್ವಾನ್ಸ್ ವಾಪಸ್ ಎಣಿಸಿಕೊಳ್ಳಿ, ಆಮೇಲೆ ಕೀಲಿ ಕೊಡಿ.