ಎಳಸು

ವಿದ್ಯಾರ್ಥಿನಿಯೊಬ್ಬಳ ಪ್ರಬಂಧದ ಅಂಚಿನಲ್ಲಿ ಕೆಂಪು ಶಾಯಿಯಿಂದ 'ವಾದ ಎಳಸು' ಎಂದು ಬರೆದಿದ್ದೆ. ಮೈಸೂರಿನಲ್ಲಿಯೇ ಹುಟ್ಟಿ ಬೆಳೆದ ಆ ಹುಡುಗಿ ಮರುದಿನ ಹಾಳೆಯನ್ನು ಹಿಡಿದುಕೊಂಡು ಬಂದು, "ಸರ್, ಎಳಸು ಅಂದ್ರೆ ಎಳೇದು ಅಂತ ತಾನೆ? ಎಳೇದಾದ್ರೆ ಒಳ್ಳೇದೇ ಅಲ್ವಾ?" ಎಂದು ಕೇಳಿದಳು. ಆ ಕ್ಷಣಕ್ಕೆ ನನಗೆ ಉತ್ತರ ಹೊಳೆಯಲಿಲ್ಲ.

ಅವಳ ಮಾತಿನಲ್ಲಿ ಹುರುಳಿತ್ತು. ದೇವರಾಜ ಮಾರುಕಟ್ಟೆಯಲ್ಲಿ ಬೆಂಡೆಕಾಯಿ ಕೊಳ್ಳುವವರು ಒಂದೊಂದನ್ನೂ ಕೈಗೆತ್ತಿಕೊಂಡು ತುದಿಯನ್ನು ಹೆಬ್ಬೆರಳಿನಿಂದ ಒತ್ತಿ ನೋಡುತ್ತಾರೆ. ಟಕ್ಕೆಂದು ಮುರಿದರೆ ಎಳೆಯದು, ನಾರು ಬಿಡದೆ ಬಾಗಿದರೆ ಬಲಿತದ್ದು. "ಮುರೀಬೇಡಿ ಅಮ್ಮಾ, ಎಲ್ಲಾ ಎಳೇದೇ" ಎಂದು ಮಾರುವವರು ಗೊಣಗುತ್ತಿದ್ದರೂ ಯಾರೂ ಕೇಳುವುದಿಲ್ಲ. ಎಳೆ ಸೌತೆ, ಎಳೆಬಿಸಿಲು, ಎಳೆಗರು, ಎಳೆಗೂಸು ಎನ್ನುವಾಗಲೆಲ್ಲ ನಮ್ಮ ದನಿ ತಾನಾಗಿಯೇ ಮೆತ್ತಗಾಗುತ್ತದೆ. ಎಳನೀರನ್ನಂತೂ ಸುಮಾರು ಏಳು ತಿಂಗಳ ಕಾಯಿರುವಾಗಲೇ ಮರದಿಂದ ಇಳಿಸುತ್ತಾರೆ. ಅದೇ ಕಾಯಿ ಬಲಿತು ತೆಂಗಿನಕಾಯಿಯಾಗಲು ಹನ್ನೊಂದು ಹನ್ನೆರಡು ತಿಂಗಳು ಬೇಕು. "ಬರೀ ನೀರಾ, ಗಂಜಿನಾ?" ಎಂದು ಕೇಳಿ ಮಚ್ಚೆತ್ತುವ ವ್ಯಾಪಾರಿ ವಿಚಾರಿಸುತ್ತಿರುವುದು, ನಿಮಗೆ ಎಷ್ಟು ಎಳೆಯದು ಬೇಕು ಎಂದೇ.

ಈ 'ಎಳ' ನಮ್ಮೊಬ್ಬರ ಸೊತ್ತಲ್ಲ. ತಮಿಳಿನಲ್ಲಿ ಇದು 'ಇಳ'. ಅಲ್ಲಿ 'ಇಳಮೈ' ಎಂದರೆ ಯೌವನ. ಅವರ 'ಇಲೈ' ನಮ್ಮಲ್ಲಿ 'ಎಲೆ' ಆದ ಹಾಗೆಯೇ 'ಇಳ'ವೂ 'ಎಳ' ಆಗಿದೆ. ತೆಲುಗಿನಲ್ಲಿ ಅಕ್ಷರಗಳು ಸ್ಥಾನ ಬದಲಿಸಿ 'ಲೇತ' ಎಂಬ ರೂಪ ಬಂದಿದೆ. ಸಂಸ್ಕೃತದ 'ಯೌವನ'ವನ್ನು ಯಾತ್ರೆ ಜಾತ್ರೆಯಾದಂತೆ 'ಜವ್ವನ' ಮಾಡಿಕೊಂಡ ಕನ್ನಡದಲ್ಲಿ, ಅದಕ್ಕೂ ಮೊದಲೇ ಸ್ವಂತದ್ದಾದ 'ಎಳವೆ' ಇತ್ತು. ಕಾವ್ಯಗಳಲ್ಲಿ ಬಯಸು ಎಂಬರ್ಥದ 'ಎಳಸು' ಎಂಬ ಕ್ರಿಯಾಪದವೂ ಸಿಗುತ್ತದೆ, ಅದರ ದಾರಿ ಬೇರೆ. ಆದರೂ ಹರೆಯದವರ ವಿಷಯದಲ್ಲಿ ಎರಡೂ ಒಟ್ಟಿಗೇ ಹೊಂದುತ್ತವಲ್ಲ ಎಂದು ನಗು ಬರುತ್ತದೆ.

ಹಾಗಾದರೆ 'ಎಳಸು' ಬೈಗುಳದ ಸಾಲಿಗೆ ಸೇರಿದ್ದು ಹೇಗೆ? ನನಗೆ ಉತ್ತರ ಸಿಕ್ಕಿದ್ದು ಬೆಂಡೆಕಾಯಿಯಲ್ಲಲ್ಲ, ಕಬ್ಬಿನಲ್ಲಿ. ನಾನು ಮಂಡ್ಯದ ಕಡೆಯವನು. 1933ರಲ್ಲಿ ಸಕ್ಕರೆ ಕಂಪನಿ ಹುಟ್ಟಿದ ಮೇಲೆ ಕಬ್ಬನ್ನೇ ನೆಚ್ಚಿದ ಸೀಮೆಯದು. ಹತ್ತು ಹನ್ನೆರಡು ತಿಂಗಳು ತುಂಬದ ಕಬ್ಬಿನಲ್ಲಿ ಹರಳಾಗುವ ಸಕ್ಕರೆಯ ಅಂಶ ಕಡಿಮೆ, ಹರಳಾಗದ ಸಕ್ಕರೆಯ ಅಂಶ ಹೆಚ್ಚು. ಅವಸರಕ್ಕೆ ಬಿದ್ದು ಅಂಥ ಕಬ್ಬನ್ನು ಕಡಿದು ಆಲೆಮನೆಗೆ ಹಾಕಿದ ವರ್ಷ, ಕೊಪ್ಪರಿಗೆಯ ಮುಂದೆ ನಿಂತಿದ್ದ ನಮ್ಮ ದೊಡ್ಡಪ್ಪ ಪಾಕವನ್ನು ನೀರಿನ ಬಟ್ಟಲಿಗೆ ಬಿಟ್ಟು, ಬೆರಳಿನಿಂದ ಉಂಡೆ ಮಾಡಲು ಹೋಗಿ, ಅದು ಅಂಟಂಟಾಗಿ ಜಾರಿದಾಗ ಹೇಳಿದ್ದು ಒಂದೇ ಮಾತು: "ಎಳಸು ಕಣ್ಲಾ, ಅಚ್ಚಿಗೆ ಕೂರಕ್ಕಿಲ್ಲ." ಸಿಹಿ ಇಲ್ಲವೆಂದು ಅವರು ಹೇಳಲಿಲ್ಲ. ನಾವು ಮಕ್ಕಳು ಆ ಬೆಲ್ಲವನ್ನು ಬೆರಳಲ್ಲಿ ಬಳಿದು ತಿಂದೇ ತಿಂದೆವು.

ಆದ್ದರಿಂದ ಮನುಷ್ಯರನ್ನು ಎಳಸು ಎನ್ನುವಾಗ ನಾವು ಲೆಕ್ಕ ಹಾಕುವುದು ವಯಸ್ಸನ್ನಲ್ಲ ಎಂದು ನನಗನ್ನಿಸುತ್ತದೆ. ಹರೆಯ, ಜವ್ವನಗಳಿಗೆ ವರ್ಷಗಳ ಎಲ್ಲೆಯುಂಟು, ಎಳಸಿಗೆ ಅದಿಲ್ಲ. ಐದು ವರ್ಷದ ಮಗುವನ್ನು ಯಾರೂ ಎಳಸು ಎಂದು ಹಳಿಯುವುದಿಲ್ಲ, ಐವತ್ತು ದಾಟಿದ ಗೃಹಸ್ಥರನ್ನು "ಇನ್ನೂ ಎಳಸು ಬುದ್ಧಿ" ಎಂದು ಧಾರಾಳವಾಗಿ ಆಡಿಕೊಳ್ಳುತ್ತೇವೆ. ಬಲಿತಿರಬೇಕಾದ ಹೊತ್ತಿಗೆ ಬಲಿಯದೆ ಉಳಿದದ್ದರ ಮೇಲಿನ ದೂರು ಅದು. ಹತ್ತೊಂಬತ್ತರ ಹುಡುಗಿಯ ಪ್ರಬಂಧಕ್ಕೆ ಅದನ್ನು ಅಂಟಿಸಿದ ನಾನು, ಕೊಯ್ಲಿನ ಕಾಲ ಬರುವ ಮೊದಲೇ ಇಳುವರಿ ಕೇಳಿದಂತಾಗಿತ್ತು.

ಹಾಳೆಯನ್ನು ತರಿಸಿಕೊಂಡು ಆ ಪದವನ್ನು ಹೊಡೆದುಹಾಕಿ, 'ವಾದ ಇನ್ನಷ್ಟು ಬಲಿಯಬೇಕು' ಎಂದು ಬರೆದುಕೊಟ್ಟೆ. ಆಕೆ ಎರಡು ಸಲ ಓದಿಕೊಂಡು, "ಇದೂ ಅದೇ ಅಲ್ವಾ ಸರ್?" ಎಂದಳು.