410 ಮನೆಯ ಟೇಬಲ್ಲಿನಲ್ಲಿ 448ನೇ ಮನೆ

ಮೂರನೇ ವಾರಾಂತ್ಯ. ಕೊನೆಗೂ ಕ್ರ್ಯಾಶ್ ಆಯ್ತು!

ಹೊಸದಾಗಿ ಓದುವವರಿಗೆ ಒಂದು ಮಾತು. ನಾನು ಬೆನ್ನು ಹತ್ತಿರುವುದು ಲಿಬ್‌ವೆಬ್‌ಪಿ ಲೈಬ್ರರಿಯ ಹಳೇ ಹುಳುಕು, ಸಿವಿಇ-2023-4863 (ಭದ್ರತಾ ತಪ್ಪುಗಳ ಸಾರ್ವಜನಿಕ ಪಟ್ಟಿಯಲ್ಲಿ ಇದರ ನಂಬರ್). ವೆಬ್‌ಪಿ ಚಿತ್ರಗಳನ್ನು ಬಿಚ್ಚುವ ಗೂಗಲ್‌ನ ಓಪನ್ ಸೋರ್ಸ್ ಕೋಡ್ ಅದು. ಕ್ರೋಮ್, ಫೈರ್‌ಫಾಕ್ಸ್, ಆಂಡ್ರಾಯ್ಡ್, ಎಲ್ಲದರ ಹೊಟ್ಟೆಯಲ್ಲೂ ಕೂತಿದೆ. 2023ರ ಸೆಪ್ಟೆಂಬರ್ 6ರಂದು ಆಪಲ್‌ನ ಸೆಕ್ಯುರಿಟಿ ತಂಡ ಮತ್ತು ಟೊರೊಂಟೊ ವಿಶ್ವವಿದ್ಯಾಲಯದ ಸಂಶೋಧನಾ ತಂಡ ಸಿಟಿಜನ್ ಲ್ಯಾಬ್ ಇದನ್ನು ಗೂಗಲ್ ಗಮನಕ್ಕೆ ತಂದವು. 11ಕ್ಕೆ ಕ್ರೋಮ್‌ಗೆ ಪ್ಯಾಚ್ ಬಂತು. ಅಷ್ಟರಲ್ಲಿ ಇದನ್ನು ಬಳಸಿ ದಾಳಿಯೂ ನಡೆದಿತ್ತು. ನನಗೆ ದಾಳಿ ಗೀಳಿ ಬೇಡ. ಆ ತಪ್ಪು ಘಟಿಸುವ ಕ್ಷಣವನ್ನು ಕಣ್ಣಾರೆ ನೋಡಬೇಕು, ಅಷ್ಟೇ. ಅದಕ್ಕೇ ಹಳೇ ಲ್ಯಾಪ್‌ಟಾಪ್‌ನ ನೆಟ್ ಕಿತ್ತು, ತಪ್ಪು ಇನ್ನೂ ಇರುವ 1.3.1 ಆವೃತ್ತಿಯನ್ನು ಅಡ್ರೆಸ್ ಸ್ಯಾನಿಟೈಸರ್ (ಪ್ರೋಗ್ರಾಂ ತನ್ನದಲ್ಲದ ಮೆಮೊರಿ ಮುಟ್ಟಿದರೆ ಕೂಗುವ ಉಪಕರಣ) ಜೊತೆ ಬಿಲ್ಡ್ ಮಾಡಿಕೊಂಡೆ.

ಲಾಸ್‌ಲೆಸ್ (ಚಿತ್ರದ ಗುಣ ಕಳೆಯದ) ವೆಬ್‌ಪಿಯಲ್ಲಿ ಬಣ್ಣಗಳನ್ನು ಹಫ್‌ಮನ್ ಕೋಡ್‌ನಲ್ಲಿ ಬರೆಯುತ್ತಾರೆ. ಜಾಸ್ತಿ ಬರುವ ಬೆಲೆಗೆ ಚಿಕ್ಕ ಕೋಡ್, ಅಪರೂಪದ್ದಕ್ಕೆ ಉದ್ದ ಕೋಡ್, ಹೆಚ್ಚೆಂದರೆ 15 ಬಿಟ್. ಬೇಗ ಓದಲಿ ಅಂತ ಮೊದಲೇ ಒಂದು ಟೇಬಲ್ ಕಟ್ಟಿಕೊಳ್ಳುತ್ತದೆ. ಮೊದಲ 8 ಬಿಟ್‌ಗೆ 256 ಮನೆ, ಅಂದರೆ ಖಾನೆ. ಅದಕ್ಕಿಂತ ಉದ್ದದ ಕೋಡ್‌ಗಳಿಗೆ ಅದರ ಹಿಂದೆಯೇ ಚಿಕ್ಕ ಚಿಕ್ಕ ಟೇಬಲ್‌ಗಳು. ಇಂಥವು ಒಟ್ಟು ಐದು: ಹಸಿರು, ಕೆಂಪು, ನೀಲಿ, ಆಲ್ಫಾ (ಪಾರದರ್ಶಕತೆ), ಕೊನೆಗೆ ದೂರ (ಎಷ್ಟು ಹಿಂದಿನ ಪಿಕ್ಸೆಲ್‌ಗಳನ್ನು ನಕಲಿಸಬೇಕು ಅನ್ನುವುದು). ಹಸಿರಿಗೆ 654 ಮನೆ, ನಡುವಿನ ಮೂರಕ್ಕೆ ತಲಾ 630, ದೂರಕ್ಕೆ 410. ಕೂಡಿದರೆ 2954. ಮನೆಗೆ 4 ಬೈಟ್‌ನಂತೆ 11816 ಬೈಟ್. ಇಷ್ಟು ಜಾಗವನ್ನು ಒಂದೇ ಸಲಕ್ಕೆ ಕೇಳಿ ಇಟ್ಟುಕೊಳ್ಳುತ್ತದೆ.

ಈ ಲೆಕ್ಕ ಬಂದಿದ್ದು ಝಡ್‌ಲಿಬ್ ಅನ್ನುವ ಡೇಟಾ ಕುಗ್ಗಿಸುವ ಲೈಬ್ರರಿಯ ಜೊತೆ ಬರುವ 'ಎನಫ್' ಅನ್ನುವ ಪುಟ್ಟ ಪ್ರೋಗ್ರಾಮಿನಿಂದ. ಬರೆದವರು ಮಾರ್ಕ್ ಆಡ್ಲರ್. ಅದರ ಲೆಕ್ಕದಲ್ಲಿ ತಪ್ಪಿಲ್ಲ. ಆದರೆ ಅದು ಎಣಿಸುವುದು ಸರಿಯಾಗಿ ತುಂಬಿದ, ಅಂದರೆ ಯಾವ ಬಿಟ್ ಜೋಡಣೆಯನ್ನೂ ಖಾಲಿ ಬಿಡದ ಕೋಡ್‌ಗಳನ್ನು ಮಾತ್ರ. ಫೈಲ್ ಬರೆಯುವವನು ಅರೆಬರೆ ಕೋಡ್ ಕೊಟ್ಟರೆ? ಲಿಬ್‌ವೆಬ್‌ಪಿ ಅದನ್ನೂ ಪತ್ತೆ ಹಚ್ಚುತ್ತದೆ, ಆದರೆ ಟೇಬಲ್ ತುಂಬಿಸಿ ಮುಗಿಸಿದ ಮೇಲೆ. ಪಂಕ್ತಿಯಲ್ಲಿ ಕೂರಿಸಿ, ಪಾಯಸ ಬಡಿಸಿ, ಆಮೇಲೆ "ನೀವು ಯಾರ ಕಡೆಯವರು?" ಅಂತ ಕೇಳಿದ ಹಾಗೆ.

ಮೊದಲ ವಾರ ಪೂರ್ತಿ ದಂಡ. ಕೋಡ್ ಉದ್ದಗಳನ್ನು 0, 1, 2 ಅಂತ ಸಾಲಾಗಿ ಬರೆದಿದ್ದೆ. ಫಾರ್ಮ್ಯಾಟ್ ಕೇಳುವ ಕ್ರಮವೇ ಬೇರೆ: 17, 18, 0, 1, 2, 3, 4, 5, 16, ಆಮೇಲೆ 6 (16, 17, 18 ಉದ್ದಗಳಲ್ಲ, 'ಮತ್ತೆ ಅದೇ ಬರೆ' ಅನ್ನುವ ಸಂಕೇತಗಳು). ದಾಖಲೆಯಲ್ಲಿ ಸ್ಪಷ್ಟವಾಗಿ ಬರೆದಿದ್ದಾರೆ, ನಾನೇ ಓದಿರಲಿಲ್ಲ.

ಎರಡನೇ ವಾರ ಹೋಗಿದ್ದು ಮೊದಲ ನಾಲ್ಕು ಟೇಬಲ್‌ಗಳಿಗೆ. ಅವನ್ನು ಒಂದು ಮನೆಯೂ ಬಿಡದೆ ತುಂಬಬೇಕು, ಇಲ್ಲದಿದ್ದರೆ ಕೊನೆಯದಕ್ಕೆ ಜಾಗ ಮಿಕ್ಕಿಬಿಡುತ್ತದೆ. ಅದೂ ಅರೆಬರೆ ಕೋಡ್ ಕೊಟ್ಟಲ್ಲ, ಅಲ್ಲಿ ಕೊಟ್ಟರೆ ಡಿಕೋಡರ್ ಅಲ್ಲೇ ನಿಂತುಬಿಡುತ್ತದೆ. 'ಎನಫ್' ಸಂಖ್ಯೆಯ ಜೊತೆಗೆ ಕೋಡ್ ಉದ್ದಗಳ ವಿನ್ಯಾಸವನ್ನೂ ಕೊಡುತ್ತದೆ, ಬಚಾವಾದೆ. 2014ರಿಂದ ಇದ್ದ ಈ ತಪ್ಪು ಓಎಸ್‌ಎಸ್-ಫಝ್‌ಗೆ (ಕೆಟ್ಟ ಫೈಲ್‌ಗಳನ್ನು ತಾನೇ ಸೃಷ್ಟಿಸಿ ತಪ್ಪು ಹುಡುಕುವ ಗೂಗಲ್‌ನ ಸೇವೆ) ಯಾಕೆ ಸಿಗಲಿಲ್ಲ ಅನ್ನುವುದು ಇಲ್ಲಿ ಅರ್ಥವಾಯಿತು. ಸುಮ್ನೆ ಬೈಟ್ ಕಲಕುತ್ತಾ ಹೋದರೆ ನಾಲ್ಕಕ್ಕೆ ನಾಲ್ಕೂ ಅಂಚಿನವರೆಗೆ ತುಂಬುವುದು ಎಲ್ಲಿಂದ ಬಂತು!

ಈ ಶನಿವಾರ ದೂರದ ಟೇಬಲ್. ಕಂಪ್ಯೂಟರ್ ಪಕ್ಕಕ್ಕಿಟ್ಟು ಮಗಳ ಗಣಿತದ ಚೌಕುಳಿ ಪುಸ್ತಕ ತೆಗೆದುಕೊಂಡೆ. 9ರಿಂದ 14 ಬಿಟ್‌ವರೆಗೆ ಒಂದೊಂದು ಕೋಡ್, 15 ಬಿಟ್‌ನವು ನಾಲ್ಕು. ಒಟ್ಟು ಹತ್ತೇ. ಮೊದಲ ಎಂಟು ಸೇರಿ 128 ಮನೆಯ ಒಂದು ಚಿಕ್ಕ ಟೇಬಲ್ ತುಂಬುತ್ತವೆ. 256 ಕೂಡಿಸು 128, 384 ಆಯ್ತು. ಒಂಬತ್ತನೆಯದಕ್ಕೆ ಹೊಸ ಟೇಬಲ್, ಅದು 384ರಲ್ಲಿ ಕೂರುತ್ತದೆ. ಇನ್ನೂ ಗಡಿಯ ಒಳಗೇ ಇದ್ದೇವೆ. ಹತ್ತನೆಯದು ಪಕ್ಕದಲ್ಲಿ ಕೂರುವುದಿಲ್ಲ. ಬಿಟ್‌ಗಳು ತಿರುಗುಮುರುಗಾಗುವುದರಿಂದ 64 ಮನೆ ಹಾರಿ 448ಕ್ಕೆ ಹೋಗುತ್ತದೆ. ಇರುವುದೇ 410.

ಸಂಜೆ ರನ್ ಮಾಡಿದೆ. ಪರದೆ ತುಂಬಾ ಕೆಂಪು ಅಕ್ಷರ: ಹೀಪ್ ಬಫರ್ ಓವರ್‌ಫ್ಲೋ (ಕೇಳಿ ಪಡೆದ ಮೆಮೊರಿಯ ಗಡಿ ದಾಟಿದೆ), 4 ಬೈಟ್ ಬರಹ, 11816 ಬೈಟ್‌ನ ಜಾಗದಿಂದ 152 ಬೈಟ್ ಆಚೆ. 38 ಮನೆ, ತಲಾ 4 ಬೈಟ್. ಪೆನ್ಸಿಲ್ ಲೆಕ್ಕ ತಾಳೆಯಾದ ಖುಷಿಗೆ ಒಂದು ಲೋಟ ಕಾಫಿ ಜಾಸ್ತಿ ಕುಡಿದೆ.

ಹೆದರಿಸಿದ್ದು ಮಾತ್ರ ಆಮೇಲಿನದು. ಅದೇ ಫೈಲನ್ನು ಸ್ಯಾನಿಟೈಸರ್ ಇಲ್ಲದ ಬಿಲ್ಡ್‌ಗೆ ಕೊಟ್ಟೆ. "ಡಿಕೋಡ್ ಆಗಲಿಲ್ಲ" ಅಂತ ಒಂದು ಸಾಲು ಹೇಳಿ ಸಭ್ಯವಾಗಿ ಮುಗಿಯಿತು. ಬೇರೆಯವರ ಜಾಗದಲ್ಲಿ ಬರೆದಾಗಿದೆ, ಗುರುತೇ ಇಲ್ಲ.

ತಪ್ಪು ತಿದ್ದಿದ 1.3.2ರಲ್ಲಿ ಫೈಲ್ ಮೊದಲೇ ಸಿಕ್ಕಿಬಿದ್ದಿತು. ಅಲ್ಲಿ ಏನನ್ನೂ ಬರೆಯುವ ಮೊದಲು ಎಷ್ಟು ಮನೆ ಬೇಕು ಅಂತ ಒಂದು ಸುತ್ತು ಬರೀ ಎಣಿಸುತ್ತಾರೆ. ಜಾಗ ಸಾಲದಿದ್ದರೆ ಹೊಸದು ಕೇಳುತ್ತಾರೆ.

ಭಾನುವಾರ ದಿನಬಳಕೆಯ ಲ್ಯಾಪ್‌ಟಾಪ್‌ನಲ್ಲಿ ಹುಡುಕಿದೆ. ಸಿಸ್ಟಮ್‌ನ ಲೈಬ್ರರಿ ಹೊಸದೇ. ಆದರೆ ಪೈಥಾನ್‌ನ ಚಿತ್ರ ಲೈಬ್ರರಿ ಪಿಲೋ ಲಿಬ್‌ವೆಬ್‌ಪಿಯ ತನ್ನದೇ ಪ್ರತಿ ಹೊತ್ತು ತಿರುಗುತ್ತದೆ, 10.0.1ರಲ್ಲಷ್ಟೇ ಅದು ಸರಿಯಾಗಿದ್ದು. ನನ್ನ ಹಳೇ ಪ್ರಾಜೆಕ್ಟ್‌ಗಳ ಫೋಲ್ಡರ್‌ಗಳಲ್ಲಿ ಪಿಲೋ 9 ನಾಲ್ಕು ಕಡೆ ಸಿಕ್ಕಿತು. ಮೂರನ್ನು ಅಳಿಸಿದೆ. ನಾಲ್ಕನೆಯದು ಅಪ್ಪನ ಹಳೇ ಫೋಟೋಗಳನ್ನು ಜೋಡಿಸುವ ಸ್ಕ್ರಿಪ್ಟ್, ಅಪ್‌ಡೇಟ್ ಮಾಡಿದರೆ ಒಡೆಯುತ್ತದೆ. ಮುಂದಿನ ವಾರ ಅದರ ಸರದಿ.