ಭೋಪಾಲದಲ್ಲಿ ಉಳಿದ ಮಣ್ಣು

2025ರ ಜನವರಿ 1ರ ರಾತ್ರಿ ಭೋಪಾಲದ ಯೂನಿಯನ್ ಕಾರ್ಬೈಡ್ ಆವರಣದಿಂದ 12 ಕಂಟೇನರ್ ಲಾರಿಗಳು ಪೊಲೀಸ್ ಕಾವಲಿನಲ್ಲಿ ಮಧ್ಯಪ್ರದೇಶದ್ದೇ ಆದ ಪೀಥಂಪುರದ ತ್ಯಾಜ್ಯ ಸುಡುವ ಘಟಕಕ್ಕೆ ಹೊರಟಾಗ, ಅನಿಲ ದುರಂತವಾದ ನಲವತ್ತು ವರ್ಷಗಳ ಮೇಲಾದರೂ ಆ ಜಾಗ ಶುದ್ಧವಾಯಿತೆಂದು ನನ್ನ ಪರಿಚಯದ ಹಲವರು ನಂಬಿದರು. ಲಾರಿಗಳು ಹೊತ್ತೊಯ್ದದ್ದು ಗೋದಾಮಿನಲ್ಲಿ ಕೂಡಿಟ್ಟಿದ್ದ 337 ಟನ್ ತ್ಯಾಜ್ಯವನ್ನು ಮಾತ್ರ. ಜೂನ್ ಮುಗಿಯುವಷ್ಟರಲ್ಲಿ ಅದನ್ನು ಸುಟ್ಟದ್ದಾಯಿತು. ಸುಡುವಾಗ ಸುಣ್ಣ ಬೆರೆಸಿದ್ದರಿಂದ ಉಳಿದ ಬೂದಿಯೇ ಮೂಲ ತ್ಯಾಜ್ಯಕ್ಕಿಂತ ಹೆಚ್ಚು ತೂಗಿತು. ಆದರೆ ರಾಷ್ಟ್ರೀಯ ಪರಿಸರ ಎಂಜಿನಿಯರಿಂಗ್ ಸಂಶೋಧನಾ ಸಂಸ್ಥೆ (ನೀರಿ) ಮತ್ತು ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆಗಳು (ಎನ್‌ಜಿಆರ್‌ಐ) 2010ರಲ್ಲಿ ಅಂದಾಜಿಸಿದ ಕಲುಷಿತ ಮಣ್ಣಿನ ಪ್ರಮಾಣ 11 ಲಕ್ಷ ಟನ್.

ಈ ಮಣ್ಣಿನ ಕಥೆ 1984ರ ಡಿಸೆಂಬರ್ ರಾತ್ರಿಗಿಂತ ಹಳೆಯದು. ಕೀಟನಾಶಕ ತಯಾರಿಕೆಯ ಕೊಳೆನೀರನ್ನು ಬಿಸಿಲಿಗೆ ಆರಿಸಲು ಕಾರ್ಖಾನೆಯ ಹೊರಗೆ ತೋಡಿದ್ದ ಹೊಂಡಗಳ ತಳಕ್ಕೆ ಪ್ಲಾಸ್ಟಿಕ್ ಹಾಳೆ ಹಾಸಲಾಗಿತ್ತು. ಅವು ದುರಂತಕ್ಕೆ ಮೊದಲೇ ಸೋರತೊಡಗಿದ್ದವು. ಮುಂದೆ ಸುತ್ತಲಿನ ಬಡಾವಣೆಗಳ ಕೈಪಂಪುಗಳಿಗೆ ಕೆಂಪು ಬಣ್ಣ ಬಳಿದು, ನೀರು ಕುಡಿಯಲು ಯೋಗ್ಯವಲ್ಲವೆಂದು ಬರೆಯಲಾಯಿತು. ಬೇರೆ ನೀರಿಲ್ಲದವರು ಅದೇ ಪಂಪಿನ ಹಿಡಿ ಒತ್ತಿ ಕೊಡ ತುಂಬಿಕೊಂಡರು. ಶುದ್ಧ ನೀರು ಪೂರೈಸಬೇಕೆಂದು ಸುಪ್ರೀಂ ಕೋರ್ಟ್ 2004ರಲ್ಲಿ ಆದೇಶಿಸಬೇಕಾಯಿತು.

ಮಣ್ಣನ್ನಾದರೂ ಅಗೆದು ಸಾಗಿಸಬಹುದು, ಅಂತರ್ಜಲದ ಮಾತೇ ಬೇರೆ. ಅಲ್ಲಿ ಪತ್ತೆಯಾದ ಕಾರ್ಬನ್ ಟೆಟ್ರಾಕ್ಲೋರೈಡ್, ಕ್ಲೋರೋಫಾರ್ಮ್ ಎಂಬ ಕ್ಲೋರಿನ್‌ಯುಕ್ತ ದ್ರವಗಳು ಎಣ್ಣೆಯಂತೆ ನೀರಿನ ಮೇಲೆ ತೇಲುವವಲ್ಲ. ಲೋಟದ ನೀರಿಗೆ ಬಿದ್ದ ಜೇನಹನಿಯಂತೆ ತಳಕ್ಕಿಳಿದು, ಜೇಡಿಯ ಪದರಗಳಲ್ಲೂ ಬಂಡೆಯ ಬಿರುಕುಗಳಲ್ಲೂ ಕುಳಿತು, ವರ್ಷಗಟ್ಟಲೆ ಸ್ವಲ್ಪಸ್ವಲ್ಪವಾಗಿ ಕರಗುತ್ತವೆ. ಹೀಗಾಗಿ ನೀರನ್ನು ಮೇಲೆತ್ತಿ ಇದ್ದಿಲಿನಲ್ಲಿ ಸೋಸುವ ವಿಧಾನದಲ್ಲಿ, ಪಂಪು ನಡೆಯುವಷ್ಟು ಕಾಲ ಪರೀಕ್ಷೆಯ ಅಂಕಿಗಳು ಇಳಿದು, ನಿಲ್ಲಿಸಿದ ಕೆಲವು ತಿಂಗಳಿಗೆ ಮತ್ತೆ ಏರುವುದು ಸಾಮಾನ್ಯ.

1991ರಲ್ಲಿ ಕೆನಡಾದ ಬೋರ್ಡನ್‌ನಲ್ಲಿ ಇನ್ನೊಂದು ದಾರಿಯ ಪ್ರಯೋಗ ನಡೆಯಿತು. ಅಂತರ್ಜಲ ಹರಿಯುವ ದಿಕ್ಕಿಗೆ ಅಡ್ಡಲಾಗಿ ಕಂದಕ ತೋಡಿ, ಮರಳಿನೊಂದಿಗೆ ಕಬ್ಬಿಣದ ಚೂರುಗಳನ್ನು ತುಂಬಲಾಯಿತು. ನೀರು ತನ್ನಷ್ಟಕ್ಕೇ ಅದರೊಳಗೆ ಹಾದುಹೋಗುವಾಗ ಕಬ್ಬಿಣ ತುಕ್ಕು ಹಿಡಿಯುತ್ತಾ ರಾಸಾಯನಿಕದಿಂದ ಕ್ಲೋರಿನ್ನನ್ನು ಬಿಡಿಸುತ್ತದೆ. ವಿದ್ಯುತ್ತೂ ಬೇಡದ ಈ ಉಪಾಯ ನನಗೆ ಬಹಳ ಹಿಡಿಸಿದೆ. ಆದರೆ ಭೋಪಾಲದ ನೀರಿನಲ್ಲಿರುವ ಡೈಕ್ಲೋರೋಬೆಂಜೀನಿನಂಥ ರಾಸಾಯನಿಕಗಳು ಕಬ್ಬಿಣಕ್ಕೆ ಜಗ್ಗುವುದಿಲ್ಲ. ಮೇಲಾಗಿ ಇಂಥ ಕಬ್ಬಿಣದ ಅಡ್ಡಗೋಡೆ ಎಲ್ಲಿ, ಎಷ್ಟು ಆಳಕ್ಕೆ ಬೇಕೆಂದು ಹೇಳಲು ಮಳೆಗಾಲ ಬೇಸಿಗೆಗಳೆರಡರಲ್ಲೂ ಆ ನೀರು ಯಾವ ಕಡೆಗೆ ಹರಿಯುತ್ತದೆಂಬುದನ್ನು ಅಳೆಯಬೇಕು. ಲಾರಿಗಳ ಮೆರವಣಿಗೆಗಿಂತ ಮೊದಲು ಆಗಬೇಕಿದ್ದದ್ದು ಆ ಅಳತೆ.